ಲೈಸೆನ್ಸಿಗೆಂದು ಹೋದ ದೊಡ್ಡಮ್ಮ

ನನ್ನ ದೊಡ್ಡಮ್ಮ ನಲವತ್ತಾರನೇ ವಯಸ್ಸಿನಲ್ಲಿ ಕಾಲೇಜು ಸೇರಿ ಜೀವವಿಜ್ಞಾನ ಓದಿದಳು ಎಂದರೆ ನೀವು ಕೂತಲ್ಲೇ ಕೈಮುಗಿಯುತ್ತೀರಿ. ‘ಅಬ್ಬಾ, ಎಂಥ ಜ್ಞಾನದಾಹ!’ ಎಂದು ಹೊಗಳಲೂ ಶುರುಮಾಡುತ್ತೀರಿ. ಸ್ವಲ್ಪ ತಡೆಯಿರಿ. ಆ ಮಹಾತಾಯಿ ಕಾಲೇಜು ಸೇರಿದ್ದು ಕಾರಿನ ಲೈಸೆನ್ಸಿಗೋಸ್ಕರ! ಜೀವಕೋಶಕ್ಕೂ ಕಾರಿಗೂ ಏನು ಸಂಬಂಧ ಎಂದು ಕೇಳುತ್ತೀರಾ? ನಾವೆಲ್ಲರೂ ಕೇಳಿದ್ದೆವು. ಉತ್ತರ ಹೇಳುವಷ್ಟು ಹೊತ್ತು ಅವಳು ಒಂದು ಕಡೆ ನಿಂತಿದ್ದರೆ ತಾನೆ!

ನಿಲ್ಲುವುದು, ಕೂರುವುದು ಎರಡೂ ಅವಳಿಗೆ ಒಗ್ಗಿಬರುತ್ತಿರಲಿಲ್ಲ. ಆಗ ನಾವು ಕುವೈತಿನಲ್ಲಿದ್ದೆವು. ಅಪ್ಪ, ಅಮ್ಮ, ನಾನು ಸಾಲ್ಮಿಯಾದಲ್ಲಿ. ಅಮ್ಮನ ಅಕ್ಕನಾದ ಈ ದೊಡ್ಡಮ್ಮ ಮತ್ತು ದೊಡ್ಡಪ್ಪ ಬ್ನೇದ್ ಅಲ್ ಗಾರ್‌ನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ದೊಡ್ಡಪ್ಪ ಒಂದು ರೆಸ್ಟೋರೆಂಟಿನ ಮ್ಯಾನೇಜರು. ಬೆಳಗ್ಗೆ ಹೋದರೆ ಮಧ್ಯಾಹ್ನ ಒಂದು ನಿದ್ದೆಗೆ ಬಂದು ಮತ್ತೆ ಹೋಗುವವರು. ಒಬ್ಬನೇ ಮಗ ಊರಿನ ಹಾಸ್ಟೆಲಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ದೊಡ್ಡಮ್ಮ ಒಬ್ಬಳೇ. ಅಲ್ಲ, ದೊಡ್ಡಮ್ಮ ಮತ್ತು ಒಂದು ಸೋಫಾ.

ಆ ಸೋಫಾದ ಪಾಡು ಶತ್ರುವಿಗೂ ಬೇಡ. ಸೋಮವಾರ ಕಿಟಕಿಯ ಕೆಳಗೆ, ಬುಧವಾರ ಬಾಗಿಲಿನ ಪಕ್ಕ, ಶುಕ್ರವಾರ ಮಲಗುವ ಕೋಣೆಯಲ್ಲಿ. ದೊಡ್ಡಪ್ಪ ಕೆಲಸದಿಂದ ಬಂದು ದೀಪ ಹಾಕುವ ಮೊದಲು ಕಾಲಿನಿಂದ ತಡಕಾಡಿ ಸೋಫಾ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುತ್ತಿದ್ದರು. ಒಮ್ಮೆ ಇದೆಯೆಂದುಕೊಂಡು ಕೂತೇಬಿಟ್ಟರು. ಇರಲಿಲ್ಲ.

‘ಎಂತಕ್ಕೆ ಮಾರಾಯ್ತಿ ಹೀಗೆ ಎಳೆದಾಡ್ತೀ ಅದನ್ನು?’ ಎಂದು ಅವರು ಸೊಂಟ ನೀವಿಕೊಳ್ಳುತ್ತಾ ಕೇಳಿದರೆ, ದೊಡ್ಡಮ್ಮನ ಉತ್ತರ: ‘ಅದಕ್ಕಾದ್ರೂ ಬೇರೆ ಬೇರೆ ಜಾಗ ನೋಡ್ಲಿಕ್ಕೆ ಸಿಗ್ಲಿ ಅಂತ!’

ಸೋಫಾ ಸಾಲದೆ ಹೋದಾಗ ತರಗತಿಗಳು ಶುರುವಾದವು. ಕೇಕ್ ಮಾಡುವ ತರಗತಿಗೆ ಮೂರು ವಾರ. ಹೊಲಿಗೆಗೆ ಎರಡು ವಾರ. ಅರ್ಧ ಹೊಲಿದ ನನ್ನ ಚೂಡಿದಾರವೊಂದು ಅರ್ಧವಾಗಿಯೇ ಉಳಿಯಿತು. ಅರಬ್ಬಿ ಕಲಿಯುತ್ತೇನೆಂದು ಹೋಗಿ ಹತ್ತು ದಿನಕ್ಕೆ ಬಿಟ್ಟಳು. ಆ ಹತ್ತು ದಿನದಲ್ಲಿ ಅವಳಿಗೆ ಗಟ್ಟಿಯಾಗಿ ಬಂದ ಶಬ್ದ ಒಂದೇ: ‘ಲೇಶ್?’ ಎಂದರೆ ‘ಯಾಕೆ?’ ಇದೊಂದು ಶಬ್ದ ಹಿಡಿದುಕೊಂಡು ಅವಳು ತರಕಾರಿ ಅಂಗಡಿಯವನಿಂದ ಹಿಡಿದು ಕಟ್ಟಡದ ಕಾವಲುಗಾರನವರೆಗೆ ಎಲ್ಲರನ್ನೂ ತಡವರಿಸುವಂತೆ ಮಾಡಿದಳು. ಒಂದು ಭಾಷೆಯನ್ನು ಪೂರ್ತಿ ಕಲಿತವರೂ ಅಷ್ಟು ಉಪದ್ರ ಕೊಡಲಾರರು.

ಇಂಥ ದಿನಗಳಲ್ಲಿ, ನಮ್ಮ ಊರಿನವರ ಸಂಘದ ನಾಟಕದ ತಾಲೀಮಿನಲ್ಲಿ ಯಾರೋ ಅವಳ ಕಿವಿಯಲ್ಲಿ ಊದಿದರು. ‘ಗೊತ್ತುಂಟಾ ನಿಮ್ಗೆ? ಕೆಲಸ ಇಲ್ಲದ ಹೆಂಗಸರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗೂದು ಭಾರೀ ಕಷ್ಟ. ಆದ್ರೆ ಕಾಲೇಜು ಸ್ಟೂಡೆಂಟ್ ಆದ್ರೆ ಕೂಡ್ಲೆ ಸಿಗ್ತದಂತೆ!’

ಊದಿದವರು ಆಮೇಲೆ ಊರಿಗೆ ಹೋಗಿ ಹಾಯಾಗಿದ್ದಾರೆ. ಅನುಭವಿಸಿದ್ದು ನಾನು.

ಏಕೆಂದರೆ ಅದೇ ತಿಂಗಳು ನಾನೂ ಕಾಲೇಜು ಸೇರುವವಳಿದ್ದೆ. ನನಗೆ ಹದಿನೆಂಟು. ಹನ್ನೆರಡನೇ ತರಗತಿ ಮುಗಿಸಿ, ಊರಿನ ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿ, ಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ. ಅಪ್ಪ ಎಲ್ಲಿಂದಲೋ ಒಂದು ಕಮ್ಯುನಿಟಿ ಕಾಲೇಜನ್ನು ಹುಡುಕಿ ತಂದರು. ಅಲ್ಲಿ ಎರಡು ವರ್ಷ ಜೀವವಿಜ್ಞಾನ ಓದಿದರೆ ಮುಂದೆ ಬೇರೆ ದೇಶದ ದೊಡ್ಡ ಕಾಲೇಜಿನ ಮೂರನೇ ವರ್ಷಕ್ಕೆ ನೇರ ಸೇರಬಹುದಂತೆ. ರತ್ನಗಂಬಳಿ ಅಂಗಡಿಯ ಮೇಲಿನ ಎರಡು ಮಹಡಿಗಳು, ಒಂದು ಲಿಫ್ಟು, ಒಂದು ಪ್ರಯೋಗಾಲಯ. ಇಷ್ಟೇ ಆ ಕಾಲೇಜು. ‘ಯಾರಿಗೂ ಗೊತ್ತಾಗದ ಹಾಗೆ ಎರಡು ವರ್ಷ ಕಳೆದುಬಿಡುತ್ತೇನೆ’ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡೆ.

ಅರ್ಜಿ ಕೊಡುವ ದಿನ ದೊಡ್ಡಮ್ಮ ಜೊತೆಗೆ ಬಂದಳು. ನನಗೆ ಧೈರ್ಯ ಹೇಳಲಿಕ್ಕೆ ಬಂದಿದ್ದಾಳೆಂದೇ ನಾನು ತಿಳಿದೆ. ಕೌಂಟರಿನ ಹುಡುಗಿ ನನ್ನ ಕಾಗದಗಳನ್ನು ತೆಗೆದುಕೊಂಡು, ದೊಡ್ಡಮ್ಮನ ಕಡೆ ನಕ್ಕು, ‘ತಾಯಂದಿರು ಆಚೆ ಕೂರಬಹುದು’ ಎಂದಳು.

‘ನಾನು ತಾಯಿ ಅಲ್ಲ. ಸ್ಟೂಡೆಂಟ್!’ ಎಂದು ದೊಡ್ಡಮ್ಮ ವ್ಯಾನಿಟಿ ಬ್ಯಾಗಿನಿಂದ ತನ್ನ ಕಾಗದಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು.

ಮದುವೆಗೆ ಮೊದಲು ಅವಳು ಪಿಯುಸಿಯಲ್ಲಿ ವಿಜ್ಞಾನ ಪಾಸು ಮಾಡಿದ್ದಳಂತೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಮರೆತುಹೋಗಿತ್ತು. ಆ ಅಂಕಪಟ್ಟಿಯನ್ನು ಅವಳು ಯಾರಿಗೂ ಹೇಳದೆ ಊರಿನಿಂದ ತರಿಸಿ, ಬೆಂಗಳೂರು, ದೆಹಲಿ, ರಾಯಭಾರ ಕಚೇರಿ ಎಂದು ಎಲ್ಲ ಕಡೆಯ ಮೊಹರು ಹಾಕಿಸಿಕೊಂಡಿದ್ದಳು. ಹಿಂದೆ ಮುಂದೆ ಎಷ್ಟು ಮೊಹರುಗಳೆಂದರೆ ಕೆಮಿಸ್ಟ್ರಿಯ ಅಂಕವೇ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಅವಳೇ ಒಪ್ಪಿಕೊಂಡಳು.

ಹೀಗೆ ನಾನು ಮತ್ತು ನನ್ನ ದೊಡ್ಡಮ್ಮ ಸಹಪಾಠಿಗಳಾದೆವು. ಹದಿನೆಂಟರ ಹುಡುಗಿಯೊಬ್ಬಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದ್ದರೆ ದಯವಿಟ್ಟು ತಿಳಿಸಿ!

ಕಾಲೇಜಿನ ಗುರುತಿನ ಚೀಟಿ ಕೈಗೆ ಸಿಕ್ಕಿದ ಮರುದಿನವೇ ದೊಡ್ಡಮ್ಮ ಲೈಸೆನ್ಸ್ ಕಚೇರಿಗೆ ಹೋದಳು. ನನ್ನನ್ನೂ ಎಳೆದುಕೊಂಡು. ಅಲ್ಲಿನ ಅಧಿಕಾರಿ ಬಹಳ ಸಜ್ಜನ. ಚೀಟಿಯನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು. ಅವಳು ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಇರುವವಳು, ಆ ಬಗೆಯ ವೀಸಾಕ್ಕೆ ಈ ಸವಲತ್ತು ಅನ್ವಯಿಸುವುದಿಲ್ಲ ಎಂದು ಸಾವಧಾನವಾಗಿ ವಿವರಿಸಿದರು.

‘ಲೇಶ್?’ ಎಂದಳು ದೊಡ್ಡಮ್ಮ.

ಅವರು ಮತ್ತೆ ವಿವರಿಸಿದರು. ಇವಳು ಮತ್ತೆ ‘ಲೇಶ್?’ ಮೂರನೇ ಸಲಕ್ಕೆ ಆ ಸಜ್ಜನರು ಎರಡೂ ಕೈಗಳನ್ನು ಮೇಲೆತ್ತಿ ‘ಖಲಾಸ್, ಮದಾಮ್’ ಎಂದರು. ಕಾರಿನ ಕಥೆ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಕೇಕಿಗೆ ಮೂರು ವಾರ, ಹೊಲಿಗೆಗೆ ಎರಡು ವಾರ. ಜೀವವಿಜ್ಞಾನಕ್ಕೆ ನಾಲ್ಕು ದಿನ! ಇನ್ನು ನನ್ನ ಪಾಡಿಗೆ ನಾನು.

ಆದರೆ ಮರುದಿನ ಪ್ರಯೋಗಾಲಯದ ಮೊದಲ ತರಗತಿ ಇತ್ತು. ‘ಹೇಗೂ ಬಿಳಿ ಕೋಟು ತಕ್ಕೊಂಡಾಗಿದೆ, ಒಂದು ಸಲ ಹಾಕ್ಕೊಂಡು ನೋಡಿ ಆಮೇಲೆ ಬಿಡ್ತೇನೆ’ ಎಂದು ಅವಳು ಬಂದಳು.

ನಮಗೆ ಕಲಿಸುತ್ತಿದ್ದವರು ಈಜಿಪ್ಟಿನ ಒಬ್ಬ ದಢೂತಿ ಪ್ರೊಫೆಸರು. ಎಲ್ಲರೂ ಅವರನ್ನು ‘ದಕ್ತೂರ್’, ಅಂದರೆ ಡಾಕ್ಟರ್, ಎನ್ನುತ್ತಿದ್ದರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುವ ಸ್ವಭಾವ. ಅವರು ಅಂದು ಹೇಳಿಕೊಟ್ಟದ್ದು ಇಷ್ಟೇ: ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾನು ನೋಡಿದೆ, ಆಕಳಿಸಿದೆ, ಚಿತ್ರ ಬರೆದೆ. ಪಕ್ಕದಲ್ಲಿ ದೊಡ್ಡಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದವಳು ಏಳಲೇ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ನನಗೆ ಗಾಬರಿಯಾಯಿತು.

‘ದೊಡ್ಡಮ್ಮ? ಎಂತ ಆಯ್ತು?’

ಅವಳು ತಲೆ ಎತ್ತಿದಳು. ಕಣ್ಣಿನ ಸುತ್ತ ಕೊಳವೆಯ ದುಂಡನೆಯ ಗುರುತು.

‘ಇದು ನಾನಾ ಮಾರಾಯ್ತಿ?’ ಎಂದಳು. ‘ನಲವತ್ತಾರು ವರ್ಷ ಆಯ್ತು ನನ್ನ ಜೊತೆಗೇ ಇದ್ದೇನೆ. ಒಂದು ದಿನವೂ ನೋಡಿರ್ಲಿಲ್ಲ ಅಲ್ವಾ!’

ನನ್ನ ಎರಡು ವರ್ಷಗಳ ಭವಿಷ್ಯ ಆ ಕ್ಷಣಕ್ಕೆ ನಿರ್ಧಾರವಾಯಿತು. ಕಾರು, ಲೈಸೆನ್ಸು ಎಲ್ಲವೂ ಅವಳ ತಲೆಯಿಂದ ಗಾಳಿಗೆ ಹಾರಿಹೋದವು.

ಆದರೆ ಹುಟ್ಟುಗುಣ ಎಲ್ಲಿ ಹೋಗಬೇಕು? ತರಗತಿಯಲ್ಲೂ ಅವಳು ಸೋಫಾದ ಹಾಗೆಯೇ ಜಾಗ ಬದಲಿಸುತ್ತಿದ್ದಳು. ಮುಂದಿನ ಬೆಂಚು, ಕಿಟಕಿಯ ಬದಿ, ಕೊನೆಗೆ ದಕ್ತೂರರ ಮೇಜಿನ ಪಕ್ಕಕ್ಕೇ ಕುರ್ಚಿ. ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಇವಳ ಕೈ ಮೇಲೆ. ‘ಲೇಶ್, ದಕ್ತೂರ್?’ ಕೆಂಪು ರಕ್ತಕಣ ಚಪ್ಪಟೆ ಯಾಕೆ? ಎಲೆಗೆ ಹಸಿರು ಯಾಕೆ? ಮನುಷ್ಯನಿಗೆ ಎರಡೇ ಮೂತ್ರಪಿಂಡ ಯಾಕೆ, ಮೂರು ಯಾಕಿಲ್ಲ? ಬಹಳ ಸಲ ಅವರು ‘ನೀವೇನು ಹೇಳುತ್ತೀರಿ, ಮದಾಮ್?’ ಎಂದು ಪ್ರಶ್ನೆಯನ್ನು ಅವಳಿಗೇ ತಿರುಗಿಸಿ ಕಾಯುತ್ತಿದ್ದರು. ಒಂದು ದಿನ ಅವರು ಸೀಮೆಸುಣ್ಣ ಕೆಳಗಿಟ್ಟು, ‘ಯಾ ಮದಾಮ್, ಸೃಷ್ಟಿ ಮಾಡುವಾಗ ನನ್ನನ್ನು ಕೇಳಿರಲಿಲ್ಲ!’ ಎಂದರು. ಇಡೀ ತರಗತಿ ನಕ್ಕಿತು. ದೊಡ್ಡಮ್ಮ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.

ಆದರೆ ದಕ್ತೂರರಿಗೆ ನಿಜವಾದ ಕಷ್ಟ ಬಂದದ್ದು ಮೀನಿನ ದಿನ.

ಮೀನಿನ ಒಳ ಅಂಗಾಂಗಗಳನ್ನು ಬಿಡಿಸಿ ತೋರಿಸುವ ಪಾಠ. ಒಬ್ಬೊಬ್ಬರ ಮುಂದೆ ಒಂದು ತಟ್ಟೆ, ಒಂದು ಚೂಪು ಕತ್ತರಿ, ಒಂದು ಮೀನು. ಪಾಪ, ಅವರು ತರಿಸಿದ್ದು ಬಂಗುಡೆ! ಮಂಗಳೂರು ಕಡೆಯ ಹೆಂಗಸಿನ ಮುಂದೆ ಬಂಗುಡೆ ಇಟ್ಟು ‘ನಾನು ಹೇಳುವ ತನಕ ಮುಟ್ಟಬೇಡಿ’ ಎಂದರೆ ನಡೆಯುವ ಮಾತೇ? ಅವರು ಹಲಗೆಯ ಮೇಲೆ ಚಿತ್ರ ಬರೆದು ತಿರುಗುವಷ್ಟರಲ್ಲಿ ದೊಡ್ಡಮ್ಮನ ತಟ್ಟೆಯಲ್ಲಿ ತಲೆ ಬೇರೆ, ಬಾಲ ಬೇರೆ, ನಡುವಿನ ಎರಡು ತುಂಡಿಗೆ ಮಸಾಲೆ ಹಿಡಿಯಲು ಓರೆಗೀರು. ತೊಳೆದೂ ಆಗಿತ್ತು.

ದಕ್ತೂರ್ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ ನೋಡಿದರು. ‘ಮದಾಮ್, ಯಕೃತ್ತು ಎಲ್ಲಿ?’

‘ಬಿಸಾಡಿದೆ.’

‘ಹೃದಯ?’

‘ಅದೂ ಬಿಸಾಡಿದೆ. ಯಾರು ದಕ್ತೂರ್ ಇಟ್ಕೊಳ್ತಾರೆ ಅದನ್ನೆಲ್ಲ?’

ಅವರು ತಮ್ಮ ತಟ್ಟೆಯ ಮೀನನ್ನೇ ಅವಳ ಮುಂದೆ ತಳ್ಳಿ, ‘ಇದನ್ನು ಊಟಕ್ಕಲ್ಲ, ಪರೀಕ್ಷೆಗೆ ಎಂದು ತಿಳಿದು ಕೊಯ್ಯಿರಿ’ ಎಂದರು. ಅವಳು ಕೊಯ್ದಳು. ಇಡೀ ತರಗತಿಯಲ್ಲಿ ಒಂದು ನರವೂ ಹರಿಯದಂತೆ ಬಿಡಿಸಿದವಳು ಅವಳೊಬ್ಬಳೇ. ಲೆಬನಾನಿನ ಹುಡುಗಿಯರು, ಫಿಲಿಪೀನ್ಸಿನ ಇಬ್ಬರು ಹುಡುಗರು, ಎಲ್ಲರೂ ಅವಳ ಸುತ್ತ ನೆರೆದರು. ನನ್ನ ಬಂಗುಡೆಯ ಗತಿ ಮಾತ್ರ ಹೇಳುವಂತಿರಲಿಲ್ಲ. ಡಾಕ್ಟರಾಗಬೇಕಿದ್ದವಳು ನಾನು!

ಸ್ವಲ್ಪ ದಿನಗಳಲ್ಲಿ ಬ್ನೇದ್ ಅಲ್ ಗಾರ್‌ನ ಆ ಮನೆಯೂ ಪ್ರಯೋಗಾಲಯವಾಯಿತು. ಸೂಕ್ಷ್ಮಾಣುಗಳನ್ನು ಬೆಳೆಸುವ ಪಾಠ ಆದ ವಾರ, ದೊಡ್ಡಮ್ಮ ಅಂಗಡಿಯಿಂದ ಚೈನಾ ಗ್ರಾಸ್ ತಂದು, ಕೋಳಿಸಾರಿನ ನೀರಿನಲ್ಲಿ ಕುದಿಸಿ, ಸಣ್ಣ ಬಟ್ಟಲುಗಳಿಗೆ ಹೊಯ್ದು ಫ್ರಿಜ್ಜಿನಲ್ಲಿ ಸಾಲಾಗಿಟ್ಟಳು. ಮಧ್ಯಾಹ್ನ ನಿದ್ದೆಗೆ ಬಂದ ದೊಡ್ಡಪ್ಪ ಫ್ರಿಜ್ಜು ತೆರೆದರು. ನಾವಿಬ್ಬರೂ ಕಾಲೇಜಿನಿಂದ ಬಂದಾಗ ಒಂದು ಬಟ್ಟಲು ಖಾಲಿ.

‘ನೀವು ಪುಡ್ಡಿಂಗ್ ಅಂತ ತಿಂದ್ರಾ?’ ದೊಡ್ಡಮ್ಮ ಕೂಗಿದಳು.

ಇಪ್ಪತ್ತು ವರ್ಷ ಹೋಟೆಲು ನಡೆಸಿದ ಮನುಷ್ಯ. ಸೋಲೊಪ್ಪಿಕೊಳ್ಳುತ್ತಾರೆಯೇ? ‘ತಿಂದೆ’ ಎಂದರು ಗಂಭೀರವಾಗಿ. ‘ಸಕ್ಕರೆ ಸ್ವಲ್ಪ ಕಡಿಮೆ ಆಯ್ತು.’

ಪುಣ್ಯಕ್ಕೆ ಆ ಬಟ್ಟಲಿಗೆ ಅವಳು ಇನ್ನೂ ಏನನ್ನೂ ಬಿತ್ತಿರಲಿಲ್ಲ. ಉಳಿದವುಗಳಿಗೆ ಬಾಗಿಲ ಹಿಡಿ, ದೊಡ್ಡಪ್ಪನ ಮೊಬೈಲು, ನನ್ನ ಪೆನ್ನು, ಟೀವಿಯ ರಿಮೋಟು, ಹೀಗೆ ಒಂದೊಂದರಿಂದ ಹತ್ತಿಯಲ್ಲಿ ಒರೆಸಿ ತೆಗೆದು ಸವರಿ, ಮುಚ್ಚಿಟ್ಟಳು. ಮೂರನೇ ದಿನಕ್ಕೆ ರಿಮೋಟಿನ ಬಟ್ಟಲಿನಲ್ಲಿ ಕಾಡು ಬೆಳೆದಿತ್ತು. ಅಂದಿನಿಂದ ಆ ರಿಮೋಟು ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಸೇರಿತು. ದೊಡ್ಡಪ್ಪ ಶಬ್ದ ಹೆಚ್ಚಿಸಲು ಒತ್ತಿದರೆ ಚಾನೆಲ್ಲು ಬದಲಾಗುತ್ತಿತ್ತು. ಒಂದು ತಿಂಗಳು ಆ ಮನುಷ್ಯ ಅರ್ಥವಾಗದ ಭಾಷೆಯ ವಾರ್ತೆಗಳನ್ನು ತುಟಿ ಬಿಚ್ಚದೆ ನೋಡಿದರು.

ಇಷ್ಟೆಲ್ಲ ನಗೆಯ ನಡುವೆ ನನ್ನ ಸಂಗತಿಯನ್ನೂ ಹೇಳಬೇಕು. ನಾನು ಸುಖವಾಗಿರಲಿಲ್ಲ. ನನ್ನ ಶಾಲೆಯ ಗೆಳತಿಯರು ಊರಿನ ಮೆಡಿಕಲ್ ಕಾಲೇಜುಗಳಿಂದ ಫೋಟೋ ಕಳಿಸುತ್ತಿದ್ದರು. ನಾನು ರತ್ನಗಂಬಳಿ ಅಂಗಡಿಯ ಮೇಲೆ ದೊಡ್ಡಮ್ಮನ ಜೊತೆ ಕೂತಿದ್ದೆ. ಪುಸ್ತಕ ತೆರೆದರೆ ಅಕ್ಷರಗಳು ಓಡುತ್ತಿದ್ದವು. ಎಗೈಲಾದ ಮಾಲ್‌ನಲ್ಲಿ ಅಂಗಡಿ ಕೆಲಸಕ್ಕೆ ಹುಡುಗಿಯರು ಬೇಕಾಗಿದ್ದಾರೆಂದು ಕೇಳಿ, ಕಾಲೇಜು ಬಿಡುವ ಅರ್ಜಿಯನ್ನು ಗುಟ್ಟಾಗಿ ತುಂಬಿ ಚೀಲದಲ್ಲಿಟ್ಟುಕೊಂಡೆ. ಕೊಡುವ ದಿನ ತೆಗೆದು ನೋಡುತ್ತೇನೆ, ಅರ್ಜಿಯ ಹಿಂಬದಿಯಲ್ಲಿ ಮೂತ್ರಪಿಂಡದ ಚಿತ್ರ! ಭಾಗಗಳ ಹೆಸರು ಸಮೇತ, ಬಣ್ಣದ ಪೆನ್ಸಿಲಿನಲ್ಲಿ.

‘ನನ್ನ ಕಾಗದ ಖಾಲಿ ಆಗಿತ್ತು, ನಿನ್ನ ಚೀಲದಿಂದ ಒಂದು ಹಾಳೆ ತಕ್ಕೊಂಡೆ ಆಯ್ತಾ?’ ಎಂದಳು ದೊಡ್ಡಮ್ಮ.

ಎರಡು ತಿಂಗಳ ನಂತರ ಇನ್ನೊಂದು ಅರ್ಜಿ ತುಂಬಿದೆ. ಅದರ ಹಿಂದೆ ಜೀವಕೋಶ ವಿಭಜನೆಯ ನಾಲ್ಕು ಹಂತಗಳು ಬಂದವು. ಮೂರನೇ ಅರ್ಜಿ ನಾನು ತುಂಬಲಿಲ್ಲ. ಅವಳು ಹಾಳೆಯ ಮುಂಬದಿಯನ್ನು ಓದಿದ್ದಳೋ ಇಲ್ಲವೋ ಈಗಲೂ ನನಗೆ ಗೊತ್ತಿಲ್ಲ. ಆ ಎರಡು ಚಿತ್ರಗಳನ್ನು ನೋಡಿಯೇ ನಾನು ಆ ಎರಡು ಪಾಠಗಳಲ್ಲಿ ಪಾಸಾದೆ ಎಂಬುದು ಮಾತ್ರ ಗೊತ್ತು.

ಎರಡನೇ ವರ್ಷದ ಚಳಿಗಾಲದಲ್ಲಿ ದಕ್ತೂರ್ ನಮ್ಮನ್ನು ಕಡಲ ತೀರಕ್ಕೆ ಕರೆದೊಯ್ದರು. ನಗರದ ಪಶ್ಚಿಮಕ್ಕೆ ಕಡಲು ಹಿಂದೆ ಸರಿದಾಗ ಮೈಲಿಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಒಂದು ಬಗೆಯ ಮೀನು. ನೀರು ಬಿಟ್ಟು ಹೊರಬಂದು, ಎದೆಯ ರೆಕ್ಕೆಗಳನ್ನು ಊರಿಕೊಂಡು ನಡೆಯುತ್ತದೆ, ಜಿಗಿಯುತ್ತದೆ, ಕಪ್ಪೆಯ ಹಾಗೆ ಕಣ್ಣು ಉಬ್ಬಿಸಿ ನಮ್ಮನ್ನೇ ನೋಡುತ್ತದೆ. ದಡದಲ್ಲಿ ನಿಂತು ದುರ್ಬೀನಿನಲ್ಲಿ ಎಣಿಸಬೇಕು ಎಂಬುದು ದಕ್ತೂರರ ಆಜ್ಞೆ.

‘ಅಯ್ಯೋ, ಇದು ನಮ್ಮ ಊರಿನ ಅಳಿವೆಯಲ್ಲೂ ಉಂಟಲ್ಲಾ! ಸಣ್ಣದಿರುವಾಗ ನಾವು ಅಟ್ಟಿಸಿಕೊಂಡು ಹೋಗ್ತಿದ್ದೆವು!’ ಎಂದಳು ದೊಡ್ಡಮ್ಮ. ಹೇಳಿ ಮುಗಿಸುವಷ್ಟರಲ್ಲಿ ಚಪ್ಪಲಿ ದಡದಲ್ಲಿ, ದೊಡ್ಡಮ್ಮ ಕೆಸರಿನಲ್ಲಿ. ಇಪ್ಪತ್ತು ಹೆಜ್ಜೆ ಹೋದಳು. ಇಪ್ಪತ್ತೊಂದನೆಯದು ಇಡಲಾಗಲಿಲ್ಲ. ಮೊಣಕಾಲಿನವರೆಗೆ ಹೂತುಹೋಗಿದ್ದಳು.

‘ವಾಪಸ್ ಬಾ ದೊಡ್ಡಮ್ಮ!’ ನಾನು ಕಿರುಚಿದೆ.

‘ತಡಿ ಮಾರಾಯ್ತಿ, ಲೆಕ್ಕ ತಪ್ತದೆ! ಮೂವತ್ತೊಂದು, ಮೂವತ್ತೆರಡು...’

ನಮ್ಮ ಗದ್ದಲ ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ಪೊಲೀಸ್ ಜೀಪೊಂದು ನಿಂತಿತು. ಇಳಿದು ಬಂದ ತರುಣ ಪೊಲೀಸ್, ಕೆಸರಿನಲ್ಲಿ ನೆಟ್ಟ ಕಂಬದ ಹಾಗೆ ನಿಂತಿದ್ದ ಬಿಳಿಕೋಟಿನ ಹೆಂಗಸನ್ನು ನೋಡಿ, ಅಲ್ಲಿ ಏನು ಮಾಡುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೂಗಿದ.

‘ಮೀನು ಎಣಿಸುತ್ತಿದ್ದೇನೆ!’

‘ತಿನ್ನಲಿಕ್ಕಾ?’

‘ಅಲ್ಲ, ಹೋಂವರ್ಕ್!’

ಅವನು ನಮ್ಮ ದಕ್ತೂರರ ಮುಖ ನೋಡಿದ. ದಕ್ತೂರ್ ಆಕಾಶ ನೋಡಿದರು. ಕೊನೆಗೆ ಅವನು ಜೀಪಿನಿಂದ ಹಗ್ಗ ತಂದ. ಆ ಕಡೆ ದೊಡ್ಡಮ್ಮ, ಈ ಕಡೆ ಪೊಲೀಸು, ದಕ್ತೂರು ಮತ್ತು ಫಿಲಿಪೀನ್ಸಿನ ಹುಡುಗರು. ‘ಯಲ್ಲಾ! ಯಲ್ಲಾ!’ ಎಂದು ಎಳೆದೂ ಎಳೆದೂ ದಡಕ್ಕೆ ಹಾಕಿದರು. ಸೊಂಟದವರೆಗೆ ಕೆಸರು ಮೆತ್ತಿಕೊಂಡು ಬಂದವಳು ಮಾಡಿದ ಮೊದಲ ಕೆಲಸವೇನು ಹೇಳಿ? ಪೊಲೀಸನಿಗೆ ಕೃತಜ್ಞತೆ? ಅಲ್ಲವೇ ಅಲ್ಲ. ‘ನೀವು ಎಳೆದ ರಭಸಕ್ಕೆ ಹದಿನೈದು ಮೀನು ಬಿಲದೊಳಗೆ ಹೋದವು!’ ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡಳು. ಅವನು ಕ್ಷಮೆ ಕೇಳಿದ.

ಆ ವರದಿಗೆ ತರಗತಿಯಲ್ಲಿ ಅತಿ ಹೆಚ್ಚಿನ ಅಂಕ ಬಂದದ್ದು ಅವಳಿಗೆ.

ಇನ್ನು ಆರು ವಾರ. ಅಷ್ಟಾದರೆ ಕೊನೆಯ ಪರೀಕ್ಷೆ, ಆಮೇಲೆ ಪ್ರಮಾಣಪತ್ರ. ಪದವಿ ಪ್ರದಾನಕ್ಕೆ ಉಡುವ ಸೀರೆಯ ಬಣ್ಣದ ಬಗ್ಗೆ ಅಮ್ಮನಿಗೂ ದೊಡ್ಡಮ್ಮನಿಗೂ ಫೋನಿನಲ್ಲಿ ದಿನವೂ ಚರ್ಚೆ. ಆಗ ದೊಡ್ಡಪ್ಪನ ರೆಸ್ಟೋರೆಂಟಿನ ಕಫೀಲ್, ಅಂದರೆ ಅವರ ವೀಸಾಕ್ಕೆ ಹೊಣೆಯಾಗಿದ್ದ ಮಾಲೀಕರು, ಮುಪ್ಪಿನಿಂದಾಗಿ ವ್ಯಾಪಾರವನ್ನೇ ಮುಚ್ಚುವುದೆಂದು ತೀರ್ಮಾನಿಸಿದರು. ಒಳ್ಳೆಯವರೇ, ಕೊಡಬೇಕಾದದ್ದನ್ನೆಲ್ಲ ಕೊಟ್ಟು, ಕಣ್ಣೀರು ಹಾಕಿ ಕಳಿಸಿದರು. ಆದರೆ ಇಕಾಮಾ ರದ್ದಾಯಿತು. ದೊಡ್ಡಪ್ಪನದು ಹೋದಾಗ ಅದರ ನೆರಳಿನಲ್ಲಿದ್ದ ದೊಡ್ಡಮ್ಮನದೂ ಹೋಯಿತು. ಊರಿಗೆ ಟಿಕೇಟು ಹನ್ನೆರಡು ದಿನಗಳಾಚೆಗೆ.

ಆ ಹನ್ನೆರಡು ದಿನ ಅವಳು ಸುತ್ತಿದ್ದನ್ನು ನೋಡಿದರೆ ಹಿಂದಿನ ಅಲೆದಾಟವೆಲ್ಲ ಏನೂ ಅಲ್ಲ. ವಿದ್ಯಾರ್ಥಿ ವೀಸಾ ಸಿಗುತ್ತದೆಯೇ ಎಂದು ಒಂದು ಕಚೇರಿ, ಮೂರು ತಿಂಗಳು ಹೆಚ್ಚು ಸಿಗುತ್ತದೆಯೇ ಎಂದು ಇನ್ನೊಂದು. ಅಪ್ಪ ಅವಳ ಹಿಂದೆ ಕಾಗದಗಳನ್ನು ಹಿಡಿದುಕೊಂಡು ಓಡಿದರು. ಎಲ್ಲ ಕಡೆಯೂ ಮರ್ಯಾದೆಯಿಂದಲೇ ಇಲ್ಲ ಎಂದರು. ಪರೀಕ್ಷೆಯನ್ನಾದರೂ ಮೊದಲೇ ಕೊಡಿ ಎಂದು ಕಾಲೇಜಿನ ಡೀನರ ಬಳಿ ಹೋದಳು. ಒಬ್ಬರಿಗೋಸ್ಕರ ಪರೀಕ್ಷೆಯ ದಿನ ಬದಲಿಸುವ ನಿಯಮವಿಲ್ಲ ಎಂದರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳು ‘ಲೇಶ್?’ ಎಂದು ಕೇಳಲಿಲ್ಲ. ‘ಆಯ್ತು ಸರ್’ ಎಂದು ಹೊರಗೆ ಬಂದು, ನಾನು ಹಿಡಿದುಕೊಂಡಿದ್ದ ನೀರಿನ ಬಾಟಲಿ ತೆಗೆದುಕೊಂಡು ಪೂರ್ತಿ ಕುಡಿದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಬಿಳಿಕೋಟನ್ನು ವಾಪಸು ಕೊಡಲು ನಾವಿಬ್ಬರೂ ಕಾಲೇಜಿಗೆ ಹೋದೆವು. ತರಗತಿ ಇರಲಿಲ್ಲ. ಆದರೆ ಪ್ರಯೋಗಾಲಯದ ದೀಪಗಳು ಉರಿಯುತ್ತಿದ್ದವು. ಒಳಗೆ ನೋಡಿದರೆ, ಗೋಡೆಯಿಂದ ಗೋಡೆಗೆ ಸೂಕ್ಷ್ಮದರ್ಶಕಗಳ ಸಾಲು. ಒಟ್ಟು ಇಪ್ಪತ್ತೈದು. ಪ್ರತಿಯೊಂದರ ಪಕ್ಕ ಸಂಖ್ಯೆ ಬರೆದ ಚೀಟಿ. ಅಷ್ಟನ್ನೂ ದಕ್ತೂರ್ ಒಬ್ಬರೇ ಜೋಡಿಸಿದ್ದರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

‘ಕೋಟು ಕೊಡಬೇಡಿ, ಹಾಕಿಕೊಳ್ಳಿ’ ಎಂದರು. ‘ಒಂದೊಂದು ಸ್ಲೈಡಿಗೆ ಎರಡು ನಿಮಿಷ, ಎರಡು ಅಂಕ. ಒಟ್ಟು ಐವತ್ತು. ಈ ಅಂಕ ಯಾವ ದಾಖಲೆಗೂ ಹೋಗುವುದಿಲ್ಲ, ಮದಾಮ್. ಅದನ್ನು ಮೊದಲೇ ಹೇಳಿಬಿಡುತ್ತೇನೆ.’

ದೊಡ್ಡಮ್ಮ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಳು. ನನ್ನ ಕೈಗೆ ಗಡಿಯಾರ ಬಂತು. ಎರಡು ನಿಮಿಷಕ್ಕೊಮ್ಮೆ ನಾನು ಮೇಜು ತಟ್ಟಬೇಕು, ಅವಳು ಮುಂದಿನದಕ್ಕೆ ಹೋಗಬೇಕು. ಐವತ್ತು ನಿಮಿಷ ಆ ಕೋಣೆಯಲ್ಲಿ ನನ್ನ ತಟ್ಟುವ ಸದ್ದು, ಅವಳ ಪೆನ್ಸಿಲಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ದಕ್ತೂರ್ ಅಲ್ಲೇ ಕೂತು ಕೆಂಪು ಪೆನ್ನಿನಲ್ಲಿ ತಿದ್ದಿದರು. ಒಂದು ತಪ್ಪನ್ನೂ ಬಿಡಲಿಲ್ಲ. ನಲವತ್ತನಾಲ್ಕು. ಅವಳು ಹಾಳೆ ಹಿಡಿದು, ‘ಒಂಬತ್ತನೆಯದಕ್ಕೆ ಅರ್ಧ ಅಂಕ ಯಾಕೆ ಕಳೆದಿರಿ? ಉತ್ತರ ಸರಿ ಉಂಟು, ಒಂದು ಅಕ್ಷರ ಮಾತ್ರ ತಪ್ಪು!’ ಎಂದು ವಾದಕ್ಕೆ ನಿಂತಳು. ಹತ್ತು ನಿಮಿಷ ಜಗಳವಾಯಿತು. ಯಾವ ದಾಖಲೆಗೂ ಹೋಗದ ಅರ್ಧ ಅಂಕಕ್ಕೆ! ದಕ್ತೂರ್ ಸೋತು ನಲವತ್ತನಾಲ್ಕೂವರೆ ಎಂದು ತಿದ್ದಿ, ಕೆಳಗೆ ಸಹಿ ಮಾಡಿದರು.

ಆಮೇಲೆ ಪೆನ್ನು ಮುಚ್ಚುತ್ತಾ ಹೇಳಿದರು: ‘ಮದಾಮ್, ಎರಡು ವರ್ಷ ನೀವು ನನ್ನನ್ನು ಕೇಳಿದಿರಿ. ಈಗ ನಾನು ಒಂದು ಕೇಳಲೇ? ಇಷ್ಟು ಕಷ್ಟಪಟ್ಟು ಯಾಕೆ ಬಂದಿರಿ ಇಲ್ಲಿಗೆ?’

ಲೈಸೆನ್ಸಿನ ಕಥೆ ಹೇಳಿ ನಗಿಸುತ್ತಾಳೆಂದು ನಾನು ಕಾದೆ. ಅವಳು ತನಗೆ ಬಂದ ಇಂಗ್ಲಿಷಿನಲ್ಲಿ, ಹುಡುಕಿ ಹುಡುಕಿ ಹೇಳಿದಳು.

‘ಮನೆಯಲ್ಲಿ ನನ್ನ ಹತ್ರ ಎಲ್ಲರೂ ಕೇಳ್ತಾರೆ ದಕ್ತೂರ್. ಊಟ ಆಯ್ತಾ, ಇಸ್ತ್ರಿ ಆಯ್ತಾ, ಬೀಗದ ಕೈ ಎಲ್ಲುಂಟು ಅಂತ. ನೀವು ಮಾತ್ರ, ಇದು ಯಾಕೆ ಹೀಗೆ ಉಂಟು, ನೀವೆಂತ ಹೇಳ್ತೀರಿ ಅಂತ ಕೇಳಿದ್ದು. ಕೇಳಿ, ನಾನು ಹೇಳುವ ತನಕ ಕಾಯ್ತಿದ್ರಿ.’

ದಕ್ತೂರ್ ಎದ್ದು ಹೋಗಿ ಸೂಕ್ಷ್ಮದರ್ಶಕಗಳ ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದರು.

ನಾವು ಹೊರಗೆ ಬಂದೆವು. ಕೆಳಗೆ ದೊಡ್ಡಪ್ಪ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದರು. ಪೆಟ್ಟಿಗೆಗಳನ್ನು ಇನ್ನೂ ಕಟ್ಟಬೇಕಿತ್ತು. ಲಿಫ್ಟಿನ ಮುಂದೆ ದೊಡ್ಡಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಎರಡು ವರ್ಷ ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ‘ಹೋಗುವನಾ?’, ‘ಬಸ್ಸು ಬಂತಾ?’, ‘ಸುಮ್ನಿರ್ತೀಯಾ?’ ಇವಿಷ್ಟನ್ನು ಬಿಟ್ಟು ಅವಳನ್ನು ಬೇರೆ ಏನಾದರೂ ಕೇಳಿದ ನೆನಪು ನನಗೆ ಬರಲಿಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ.

‘ದೊಡ್ಡಮ್ಮ,’ ಎಂದೆ, ‘ಹದಿನೇಳನೇ ಸ್ಲೈಡಿನಲ್ಲಿ ಎಂತ ಇತ್ತು?’

‘ಅದಾ? ಅದು ಇಲ್ಲಿಯದೇ ಮರುಭೂಮಿ ಗಿಡದ ಎಲೆ. ಎಲೆಗೆ ಉಸಿರಾಡ್ಲಿಕ್ಕೆ ಸಣ್ಣ ಸಣ್ಣ ಬಾಯಿ ಇರ್ತದಲ್ಲ, ಬೇರೆ ಗಿಡಕ್ಕೆಲ್ಲ ಅದು ಎಲೆಯ ಚರ್ಮದ ಮಟ್ಟಕ್ಕೇ ಇರ್ತದೆ. ಇದು ನೋಡು, ಗುಳಿ ಮಾಡಿ ಅದರೊಳಗೆ ಅಡಗಿಸಿ ಇಟ್ಕೊಂಡಿದೆ...’

ಅವಳು ಕೈಬೆರಳುಗಳನ್ನು ಬಟ್ಟಲಿನಂತೆ ಮಾಡಿ ತೋರಿಸತೊಡಗಿದಳು. ಲಿಫ್ಟು ಬಂತು, ಬಾಗಿಲು ತೆರೆಯಿತು, ಸ್ವಲ್ಪ ಹೊತ್ತು ಕಾದು ಮುಚ್ಚಿಕೊಂಡಿತು. ಅವಳು ಹೇಳುತ್ತಲೇ ಇದ್ದಳು. ದಕ್ತೂರ್ ತಿದ್ದುವಾಗಲೇ ನೋಡಿದ್ದರಿಂದ ನನಗೆ ಉತ್ತರ ಗೊತ್ತಿತ್ತು. ಆದರೂ ಕೇಳುತ್ತಾ ನಿಂತ ನಾನು, ಲಿಫ್ಟಿನ ಗುಂಡಿಯನ್ನು ಮತ್ತೆ ಒತ್ತಲಿಲ್ಲ.